ಉಳಿದ ತುಂಡುಗಳ ತೋರಣ

ಟೈಲರ್ ಮಾಮನ ಋಣ ನಮ್ಮ ವಠಾರದ ಪ್ರತಿ ಬಾಗಿಲ ಮೇಲೂ ನೇತಾಡುತ್ತಿರುತ್ತದೆ. ಯಾರ ಮನೆಯಲ್ಲಿ ಸಂಭ್ರಮವಿದ್ದರೂ ಕರೆಯುವ ಮೊದಲೇ ಅವರು ಹಾಜರು: ಕಂಕುಳಲ್ಲಿ ಸ್ಟೂಲು, ತುಟಿಗಳ ನಡುವೆ ಗುಂಡುಸೂಜಿ, ಹೆಗಲ ಮೇಲೆ ನಮ್ಮದೇ ಬಟ್ಟೆಗಳ ಉಳಿದ ತುಂಡುಗಳಿಂದ ಹೊಲಿದ ಉದ್ದನೆಯ ತೋರಣ. "ಇದು ನನ್ನ ಶರ್ಟಿಂದಲ್ವಾ? ಬಟ್ಟೆ ಸಾಲಲ್ಲ ಅಂದಿದ್ರಿ!" ಎಂದು ಅಪ್ಪ ಕೆಣಕಿದರೆ, "ನಿಮ್ಮ ಹೊಟ್ಟೆಗೆ ಸಾಲಲ್ಲ ಅಂದೆ, ಬಾಗಿಲಿಗೆ ಸಾಲಲ್ಲ ಅಂದ್ನಾ?" ಎನ್ನುತ್ತಾರೆ. ಅವರ ಕಣ್ಣಿಗೆ ಲೋಕದಲ್ಲಿ ನೆಟ್ಟಗಿರುವ ಗೋಡೆಯೇ ಇಲ್ಲ; ಮನೆ ಕಟ್ಟಿದ ಮೇಸ್ತ್ರಿಯನ್ನು ಬೈಯದೆ ಒಂದು ಗಂಟನ್ನೂ ಹಾಕುವವರಲ್ಲ. ಯಾರಾದರೂ ಸಲಹೆ ಕೊಟ್ಟರೆ ಮುಗಿಯಿತು: "ನೀವು ಸುಮ್ನೆ ದಾರ ಹಿಡ್ಕೊಳ್ಳಿ. ಕಟ್ಟೋನು ನಾನು!" ಒಮ್ಮೆ ನನ್ನ ತಂಗಿಯ ಹುಟ್ಟುಹಬ್ಬಕ್ಕೆ ನಡುಮನೆಯನ್ನು ಸಿಂಗರಿಸಿ ಮುಗಿಸಿದವರು ಒಳಕೋಣೆಗೆ ಇಣುಕಿದರು. ಅಲ್ಲಿ ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ಅಜ್ಜಿ ಅಂಗಾತ ಮಲಗಿದ್ದಳು. ಮಾಮ ಮಂಚದ ಪಕ್ಕ ನೆಲದ ಮೇಲೆ ತಾವೂ ಅಂಗಾತ ಮಲಗಿ, ಅವಳಿಗೆ ದಿನವಿಡೀ ಕಾಣುವ ಬೋಳು ಚಾವಣಿಯನ್ನು ನೋಡಿದರು. ಆಮೇಲೆ ಎದ್ದು ಹೋಗಿ ನಡುಮನೆಯ ತೋರಣವನ್ನು ಬಿಚ್ಚಿ ತಂದರು. ಸ್ಟೂಲು ಹತ್ತಿ ಅದನ್ನು ಅಜ್ಜಿಯ ಕಣ್ಣಿನ ನೇರಕ್ಕೆ ಕಟ್ಟತೊಡಗಿದರು. ನಾವು ಸುಮ್ಮನೆ ದಾರ ಹಿಡಿದು ನಿಂತೆವು. "ಇನ್ನೊಂಚೂರು ಎಡಕ್ಕಪ್ಪಾ," ಎಂದಳು ಅಜ್ಜಿ. ಮಾಮ ಈಗ ರೇಗುತ್ತಾರೆ ಎಂದುಕೊಂಡೆವು. ಮಾಮ ಕೆಳಗಿಳಿದು, ಸ್ಟೂಲನ್ನು ಎಡಕ್ಕೆ ಸರಿಸಿ ಮತ್ತೆ ಹತ್ತಿ, "ಇಷ್ಟು ಸಾಕಾಮ್ಮಾ, ಇನ್ನೂ ಬೇಕಾ?" ಎಂದರು.