ಸಿಐಡಿ ಚಿಕ್ಕಮ್ಮನ ಬಾಯ್ಲರ್

ನನ್ನ ಮೈದುನನ ಹೆಂಡತಿಗೆ ಅವಳ ಮಗನ ಗೆಳೆಯರು ಇಟ್ಟ ಹೆಸರು ಸಿಐಡಿ ಚಿಕ್ಕಮ್ಮ. ಬರಬರುತ್ತ ಮನೆಮಂದಿಯೆಲ್ಲ ಹಾಗೇ ಕರೆಯತೊಡಗಿದೆವು. ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ ನಿಂತು, ಕೆಲಸ ಮುಗಿಸಿ ಹೊರಡುವ ಹೆಂಗಸರ ಚೀಲ ತಪಾಸಣೆ ಮಾಡುವುದು ಅವಳ ಉದ್ಯೋಗವಾಗಿತ್ತು.

"ಚೀಲ ನೋಡೋದು ಆಮೇಲೆ ಅಕ್ಕ, ಮೊದಲು ಮುಖ ನೋಡ್ಬೇಕು. ಕೇಳೋಕೆ ಮುಂಚೆನೇ ಬಿಚ್ಚಿ ತೋರಿಸ್ತಾಳಲ್ಲ, ಅವಳನ್ನ ಮಾತ್ರ ಬಿಡಬಾರದು" ಎನ್ನುತ್ತಿದ್ದಳು.

ಕೆಲಸ ಬಿಟ್ಟು ವರ್ಷಗಳಾದರೂ ಅವಳ ಅನುಮಾನಕ್ಕೆ ನಿವೃತ್ತಿ ಸಿಗಲಿಲ್ಲ. ಹಾಲು ನೀರಾಗಿದ್ದರೆ ಹಾಲಿನವನ ಮೇಲೆ ಅನುಮಾನ; ಗಟ್ಟಿಯಾಗಿದ್ದರೆ, ಇವತ್ತು ಯಾಕಪ್ಪಾ ಇಷ್ಟು ಗಟ್ಟಿ ಎಂದು ಇನ್ನೂ ಜಾಸ್ತಿ.

ಅವಳ ಮನೆ ಮಹಡಿಯಲ್ಲಿ, ನನ್ನದು ಕೆಳಗೆ. ಅವಳ ಹಿಂದಿನ ಬಾಲ್ಕನಿಗೆ ಎದುರಾಗಿ, ಸಣ್ಣ ಓಣಿಯ ಆಚೆಗೆ, ಟೈಲರಮ್ಮನ ಕಿಟಕಿ. ಆ ಹೆಂಗಸು ಹೊಲಿಗೆ ಯಂತ್ರದಿಂದ ಕತ್ತೆತ್ತಿದಾಗಲೆಲ್ಲ ತನ್ನ ಮನೆಯನ್ನೇ ಅಳತೆ ತೆಗೆಯುತ್ತಾಳೆಂದು ಚಿಕ್ಕಮ್ಮನಿಗೆ ಖಾತ್ರಿ. ಅದಕ್ಕಾಗಿ ಬಾಲ್ಕನಿಗೆ ಈ ತುದಿಯಿಂದ ಆ ತುದಿಗೆ ಮಬ್ಬುಗಾಜು ಹಾಕಿಸಿದಳು. ಸಾಲದ್ದಕ್ಕೆ ಸಂದುಗೊಂದಿಗೆಲ್ಲ ಅಂಟು ಬಳಿಸಿದಳು.

ಅಷ್ಟರಲ್ಲಿ ಸೊಸೆ ಬಸುರಿಯಾದಳು. ಅವಳು ಒಲೆಯಿಂದ ಬಚ್ಚಲಿಗೆ ಬಿಸಿನೀರು ಹೊರುವುದು ಬೇಡವೆಂದು ಮಗ ಗ್ಯಾಸ್ ಬಾಯ್ಲರ್ ತಂದ. ಕೂರಿಸುವುದು ಎಲ್ಲಿ? ಬಚ್ಚಲಲ್ಲಿ ಬೇಡ, ಮಲಗುವ ಕೋಣೆಯಂತೂ ಬೇಡವೇ ಬೇಡ ಎಂದ ಫಿಟ್ಟರ್, ಬಾಲ್ಕನಿಗೆ ಬಂದು ನಿಂತ.

"ಜಾಗ ಇದೇ ಸರಿ. ಆದ್ರೆ ಇದನ್ನ ಡಬ್ಬಿ ಮಾಡಿಟ್ಟಿದ್ದೀರಲ್ಲ ಅಮ್ಮ! ಗಾಜು ತೆಗೆಸ್ಬೇಕು. ಉರಿಗೆ ಗಾಳಿ ಬೇಕು, ಹೊಗೆ ಕೊಳವೆ ಆಚೆಗೆ ಹೋಗ್ಬೇಕು."

"ತೆಗೆಸ್ದಿದ್ರೆ?"

"ವಿಷಗಾಳಿ ಒಳಗೇ ತುಂಬ್ಕೊಳ್ಳುತ್ತೆ. ಬಚ್ಚಲ ಕಿಟಕಿ ಬೇರೆ ಇಲ್ಲಿಗೇ ತೆರೆಯುತ್ತೆ. ಸ್ನಾನ ಮಾಡ್ತಿರೋರು ಕೂತಲ್ಲೇ ಕುಸೀತಾರೆ. ಅದು ಕಣ್ಣಿಗೆ ಕಾಣಲ್ಲ, ವಾಸನೆನೂ ಇರಲ್ಲ."

"ಕಾಣಲ್ಲ, ವಾಸನೆ ಇಲ್ಲ. ಮತ್ತೆ ಇದೆ ಅಂತ ನಿನ್ನ ಕಿವಿಲಿ ಬಂದು ಹೇಳ್ತಾ?"

ಫಿಟ್ಟರ್ ನಗಲಿಲ್ಲ. "ಉರಿ ನೀಲಿ ಇದ್ರೆ ಸರಿ. ಹಳದಿಗೆ ತಿರುಗಿದ್ರೆ ಆಫ್ ಮಾಡಿ ಎಲ್ರೂ ಆಚೆ ಬಂದ್ಬಿಡಿ. ಗಾಜು ಇರೋವರೆಗೂ ನಾನಂತೂ ಕೂರಿಸಲ್ಲ" ಎಂದು ಹೊರಟೇಹೋದ.

ಅವನ ಹಿಂದೆಯೇ ಚಿಕ್ಕಮ್ಮ ನನ್ನ ಮನೆಗೆ ಇಳಿದು ಬಂದಳು.

"ಅಕ್ಕ, ಇವನನ್ನ ಕಳಿಸಿರೋದು ಟೈಲರಮ್ಮನೇ. ಹೋಗ್ತಾ ಅವಳ ಕಿಟಕಿ ಕಡೆ ನೋಡ್ದ."

"ಅವಳ್ಯಾಕೆ ಕಳಿಸ್ತಾಳೆ?"

"ಗಾಜು ತೆಗೆಸೋಕೆ!"

"ಬಸುರಿ ಹೆಂಗಸಿನ ಜೀವದ ಮಾತು ಕಣೇ. ಗಾಜು ಹೋದ್ರೆ ಹೋಗ್ಲಿ."

"ನೀನೂ ಅವಳ ಕಡೆನೇ ಆಗ್ಬಿಟ್ಯಾ?" ಎಂದು ಮುಖ ತಿರುಗಿಸಿಕೊಂಡು ಮೆಟ್ಟಿಲು ಹತ್ತಿದಳು.

ಮಗ ಇನ್ನೊಬ್ಬನನ್ನು ಕರೆತಂದ. ಇವನು ಚಪ್ಪಲಿ ಬಿಡುವ ಮೊದಲೇ, "ಆಗುತ್ತಮ್ಮ, ಗಾಜು ಮುಟ್ಟೋದೇ ಬೇಡ. ಕೊಳವೆ ಬಾಲ್ಕನಿಯೊಳಗೇ ಬಿಟ್ರಾಯ್ತು. ಬಾಲ್ಕನಿ ಅಂದ್ರೆ ಹೊರಗೇ ತಾನೇ?" ಎಂದ. ಜೀವಮಾನದಲ್ಲಿ ಚಿಕ್ಕಮ್ಮ ಅನುಮಾನಪಡದೇ ಬಿಟ್ಟ ಒಬ್ಬನೇ ಮನುಷ್ಯ ಅವನು. ತನಗೆ ಬೇಕಾದ ಮಾತನ್ನೇ ಆಡಿದನಲ್ಲ! ಬಾಯ್ಲರ್ ಗೋಡೆಗೆ ಕೂತಿತು.

ಮಾರನೆಯ ದಿನ ಮಗ ಕೆಲಸಕ್ಕೆ ಹೋದ ಮೇಲೆ ಸೊಸೆ ಸ್ನಾನಕ್ಕೆ ಹೋದಳು. ನಾನು ಚಹಾ ಮಾಡಿಕೊಂಡು ಮೇಲೆ ಹೋಗಿ, ಬಾಲ್ಕನಿಗೆ ತೆರೆಯುವ ಅವರ ಅಡುಗೆಮನೆ ಹೊಸ್ತಿಲಲ್ಲಿ ಕೂತಿದ್ದೆ. ಚಿಕ್ಕಮ್ಮ ಬಾಲ್ಕನಿಯಲ್ಲಿ ಸ್ಟೂಲ್ ಹಾಕಿಕೊಂಡು, ಗಾಜಿನ ಮಬ್ಬನ್ನು ಉಗುರಿನಷ್ಟು ಕೆರೆದು ಮಾಡಿಕೊಂಡಿದ್ದ ಕಿಂಡಿಯಲ್ಲಿ ಟೈಲರಮ್ಮನನ್ನು ಕಾಯುತ್ತಿದ್ದಳು. ಒಳಗೆ ನೀರು ಸುರಿಯುವ ಸದ್ದು, ಸೊಸೆಯ ಗುನುಗು. ಗಾಜೆಲ್ಲ ಬೆವರತೊಡಗಿತು. ಗುನುಗು ಯಾವಾಗ ನಿಂತಿತೋ, ನೀರಿನ ಸದ್ದೊಂದೇ ಉಳಿದಿತ್ತು.

ಚಿಕ್ಕಮ್ಮ ಹಣೆ ಒತ್ತಿಕೊಂಡು ನನ್ನ ಕಡೆ ತಿರುಗಿದಳು. "ತಲೆ ಸಿಡೀತಿದೆ. ಚಹಾಕ್ಕೆ ಏನು ಹಾಕಿದ್ದೆ ಅಕ್ಕ?"

"ನಾನೂ ಅದನ್ನೇ ಕುಡಿದೆನಲ್ಲೇ. ಅದಿರ್ಲಿ, ಹುಡುಗಿ ಯಾಕೆ ಸುಮ್ಮನಾದ್ಲು?"

ಆಗ ಅವಳ ಕಣ್ಣು ಬಾಯ್ಲರಿನ ಕಡೆ ಹೋಯಿತು. ಉರಿ ಹಳದಿಯಾಗಿ ನಾಲಿಗೆ ಚಾಚಿತ್ತು.

ಅವಳು ತಟ್ಟನೆ ಎದ್ದಳು. ಗುಬುಟು ತಿರುಗಿಸಿ ಉರಿ ಆರಿಸಿದಳು. ಸ್ಟೂಲ್ ಎತ್ತಿ ಗಾಜಿಗೆ ಬೀಸಿದಳು, ಮತ್ತೊಮ್ಮೆ ಬೀಸಿದಳು. ಗಾಳಿ ನುಗ್ಗಿತು. ನಾವಿಬ್ಬರೂ ಬಚ್ಚಲ ಬಾಗಿಲಿಗೆ ಮೈಕೊಟ್ಟು ತಳ್ಳಿದೆವು. ಚಿಲಕ ಕಿತ್ತು ಬಂತು. ಸೊಸೆ ಗೋಡೆಗೊರಗಿ ಕೂತಿದ್ದಳು. ಕಣ್ಣು ತೆರೆದೇ ಇತ್ತು, ನೋಟ ಮಾತ್ರ ಎಲ್ಲೋ. ಬಟ್ಟೆ ಸುತ್ತಿ ಎಳೆಯುತ್ತಿರುವಾಗ ಮೂರನೆಯ ಜೊತೆ ಕೈ ಸೇರಿತು. ಟೈಲರಮ್ಮ, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಮೂವರೂ ಸೇರಿ ಬೀದಿಗೆ ಇಳಿಸಿ, ಆಟೊ ಹಿಡಿದು ಆಸ್ಪತ್ರೆಗೆ ಓಡಿದೆವು.

ಆಮ್ಲಜನಕ ಕೊಟ್ಟರು. ತಾಯಿಯೂ ಕ್ಷೇಮ, ಹೊಟ್ಟೆಯ ಕೂಸೂ ಕ್ಷೇಮ ಎಂದು ಡಾಕ್ಟರು ಹೇಳುವವರೆಗೂ ಚಿಕ್ಕಮ್ಮ ಒಬ್ಬರನ್ನೂ ಒಂದು ಪ್ರಶ್ನೆ ಕೇಳಲಿಲ್ಲ. ಆಮೇಲೆ ನನ್ನ ಕಿವಿಗೆ ಬಾಗಿದಳು.

"ಟೈಲರಮ್ಮ ಅಷ್ಟು ಬೇಗ ಹೇಗೆ ಬಂದ್ಲು ಅಕ್ಕ? ಸದಾ ನೋಡ್ತಾನೇ ಇರ್ತಾಳೆ ಅನ್ನು!"

"ಪುಣ್ಯಕ್ಕೆ ನೋಡ್ತಿದ್ಲು" ಎಂದೆ.

ಮೊದಲಿನ ಫಿಟ್ಟರನ್ನೇ ಮತ್ತೆ ಕರೆಸಿದರು. ಉಳಿದ ಗಾಜನ್ನೆಲ್ಲ ತೆಗೆಸಿದ, ಬಚ್ಚಲ ಕಿಟಕಿಯನ್ನು ಬಾಲ್ಕನಿಯ ಕಡೆ ಮುಚ್ಚಿಸಿ ಬೇರೆ ಗೋಡೆಯಲ್ಲಿ ಹೊರಕ್ಕೆ ಒಡೆಸಿದ. ಹೊಗೆ ಕೊಳವೆಯನ್ನು ಟೈಲರಮ್ಮನ ಕಿಟಕಿಗೆ ಬೆನ್ನು ಮಾಡಿ, ಸೂರಿನ ಮೇಲಕ್ಕೆ ಒಯ್ದ.

"ಹೊಗೆ ಅವಳ ಕಡೆಗೂ ಹೋಗಬಾರದಾ? ಅವಳು ನಿನಗೇನಾಗ್ಬೇಕು?" ಎಂದಳು ಚಿಕ್ಕಮ್ಮ.

"ಏನೂ ಆಗ್ಬೇಕಿಲ್ಲಮ್ಮ. ಅವರೂ ಉಸಿರಾಡ್ತಾರಲ್ಲ."

ಈಗ ಸೊಸೆ ಸ್ನಾನಕ್ಕೆ ಹೋದರೆ ಚಿಕ್ಕಮ್ಮ ಬಾಲ್ಕನಿಯಲ್ಲಿ ಟೈಲರಮ್ಮನಿಗೆ ಬೆನ್ನು ಹಾಕಿ ಕೂರುತ್ತಾಳೆ. ಕಣ್ಣು ಉರಿಯ ಮೇಲೆ. ನೀಲಿಯಾಗೇ ಇದೆಯಲ್ಲ ಎಂದರೆ, "ಇದೆ, ನಾನು ನೋಡ್ತಿರೋದಕ್ಕೆ ಇದೆ" ಎನ್ನುತ್ತಾಳೆ. ಬಚ್ಚಲಿನ ಕಡೆಗೆ ಕೂಗುತ್ತಾಳೆ:

"ಏನಾದ್ರೂ ಮಾತಾಡ್ತಾ ಇರೇ!"

"ಏನು ಮಾತಾಡ್ಲಿ ಅತ್ತೆ?"

"ನನ್ನೇ ಬೈಯ್ಯಿ, ಪರವಾಗಿಲ್ಲ. ಸುಮ್ಮನಾದ್ರೆ ಬಾಗಿಲು ಒಡೀತೀನಿ."