ಒಣಗಿದೆ ಎಂಬ ಮಾತು

"ಹುಣ್ಣು ಇರೋದು ಕಾಲಲ್ಲಿ, ಅದರ ಬೇರು ಮನೆಯೆಲ್ಲ ಹರಡಿರುತ್ತೆ. ಸಕ್ಕರೆ ಕಾಯಿಲೆ ಡಾಕ್ಟರು ಪಾದ ನೋಡಲ್ಲ, ರಕ್ತನಾಳದವರು ಚಪ್ಪಲಿ ನೋಡಲ್ಲ, ಪಟ್ಟಿ ಕಟ್ಟೋ ನರ್ಸಿಗೆ ಈ ಮನುಷ್ಯ ಏನು ತಿಂದ ಅಂತ ಗೊತ್ತಾಗಲ್ಲ. ಇವರನ್ನೆಲ್ಲ ಒಂದು ಕಾಲಿನ ಸುತ್ತ ಕೂರಿಸೋದೇ ನನ್ನ ಕೆಲಸ. ಮದುವೆ ಮಾತುಕತೆಗಿಂತ ಕಷ್ಟ ಕಣ್ರೀ. ಅಲ್ಲಿ ಮುನಿಸಿಕೊಂಡವರು ಊಟಕ್ಕಾದರೂ ಬರ್ತಾರೆ."

ಹೀಗೆಂದು ತಾನೇ ಮೊದಲು ನಗುತ್ತಿದ್ದಳು ಗಾಯದಕ್ಕ. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆಯಲ್ಲಿ ಫೋನು ಹಿಡಿದು ಕೂತರೆ, ಇವತ್ತು ನರ್ಸು ಯಾರ ಮನೆಗೆ ಹೋಗಬೇಕು, ಯಾರನ್ನು ಯಾವ ಡಾಕ್ಟರ ಮುಂದೆ ನಿಲ್ಲಿಸಬೇಕು ಎಂಬುದೆಲ್ಲ ಅವಳ ತಲೆಯ ಮೇಲೆ.

ಒಂದು ದಿನ ಟೈಲರನೊಬ್ಬನ ಹೆಂಡತಿ ಫೋನು ಮಾಡಿದಳು. ಸಕ್ಕರೆ ಕಾಯಿಲೆಯ ಆ ಟೈಲರನ ಬಲಗಾಲ ಹೆಬ್ಬೆರಳಿನ ಹುಣ್ಣು ಬಹಳ ಕಾಡಿಸಿತ್ತು.

"ಒಣಗಿದೆ ಅಕ್ಕಾ! ಕೀವಿಲ್ಲ, ನೀರಿಲ್ಲ. ನೋವೂ ಇಲ್ಲ ಅಂತಾರೆ."

"ನಿನ್ನ ಬಾಯಿಗೆ ಸಕ್ಕರೆ ಹಾಕ! ಅಯ್ಯೋ, ಬೇಡ ಬಿಡು, ನಿಮ್ಮನೇಲಿ ಆ ಹೆಸರೇ ಬೇಡ."

ಇಬ್ಬರೂ ನಕ್ಕರು. ಟೈಲರನ ಮನೆಗೆ ಹೋಗಬೇಕಿದ್ದ ನರ್ಸನ್ನು ಗಾಯದಕ್ಕ ಬೆನ್ನುಹುಣ್ಣಿನ ಮುದುಕನೊಬ್ಬನ ಮನೆಗೆ ಕಳಿಸಿದಳು.

ಮುಂದಿನ ಸರದಿಯಲ್ಲಿ ಟೈಲರನ ಪಟ್ಟಿ ಬಿಚ್ಚಿದ ನರ್ಸು ಅಲ್ಲಿಂದಲೇ ಫೋನು ಮಾಡಿದಳು. "ಅಕ್ಕಾ, ಒಣಗಿರೋದು ಹುಣ್ಣಲ್ಲ, ಬೆರಳು. ಇದ್ದಿಲ ಹಾಗಿದೆ. ಪಾದಕ್ಕೂ ಕಪ್ಪು ಏರಿದೆ."

ಗಾಯ ಮಾದರೂ ಜನ ಒಣಗಿತು ಅನ್ನುತ್ತಾರೆ. ರಕ್ತ ಹರಿಯದೆ ಸತ್ತ ಬೆರಳೂ ಒಣಗುತ್ತದೆ, ಅದಕ್ಕೂ ನೋವಿರುವುದಿಲ್ಲ. ಬಣ್ಣ ಯಾವುದು ಎಂದು ಅವತ್ತು ಫೋನಿನಲ್ಲಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ಗಾಯದಕ್ಕ ಆಂಬುಲೆನ್ಸಿಗೆ ಫೋನು ಮಾಡಿದಳು.

ಮಧ್ಯಾಹ್ನದೊಳಗೆ ಟೈಲರ್ ಆಸ್ಪತ್ರೆಯಲ್ಲಿದ್ದ. ಆ ಡಾಕ್ಟರ ಕಾಲು, ಈ ಡಾಕ್ಟರ ಗಡ್ಡ ಹಿಡಿದು ಗಾಯದಕ್ಕ ಎಲ್ಲರನ್ನೂ ಒಂದೇ ಮಂಚದ ಪಕ್ಕ ನಿಲ್ಲಿಸಿದಳು. ರಕ್ತನಾಳದ ಡಾಕ್ಟರು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಬಹಳ ಹೊತ್ತು ಹುಡುಕಿದರು.

"ಪಾದ ಹೋಯ್ತಮ್ಮ. ಮಂಡಿ ಉಳಿದರೆ ಅದೇ ಪುಣ್ಯ."

ಮಿಷನ್ ತುಳಿಯುತ್ತಿದ್ದದ್ದು ಅದೇ ಕಾಲು. ಟೈಲರ್ ಸೂರು ನೋಡುತ್ತ ಮಲಗಿದ್ದ. "ಅಕ್ಕಾ, ಪ್ಯಾಂಟಿನ ಒಂದು ಕಾಲು ಮೊಟಕು ಮಾಡೋಕೆ ಬೇರೆ ಟೈಲರನ್ನ ಹುಡುಕ್ಬೇಡಿ. ನಾನೇ ಕೈಹೊಲಿಗೆ ಹಾಕ್ಕೋತೀನಿ."

ಅವತ್ತು ರಾತ್ರಿಯೇ ಕಾಲು ಕತ್ತರಿಸಿದರು.

ಮಂಡಿ ಉಳಿಯಿತು. ಮಾರನೆಯ ಬೆಳಿಗ್ಗೆ ಗಾಯದಕ್ಕ ಟೈಲರನ ಮನೆಗೆ ಹೋದಳು. ಅವನ ಹೆಂಡತಿ ಬಾಗಿಲಲ್ಲೇ ಕೂತಿದ್ದಳು.

"ಖುಷಿಯಾಗಿ ಹೇಳಿದೆನಲ್ಲಕ್ಕಾ, ನೋವಿಲ್ಲ ಅಂತ."

"ನಿಂದೇನೂ ತಪ್ಪಿಲ್ಲ ತಾಯಿ. ಕೇಳಬೇಕಾದವಳು ನಾನು, ಕೇಳಲಿಲ್ಲ."

ಅಷ್ಟರಲ್ಲಿ ಬೀದಿಯ ನಲ್ಲಿ ಗೊರಗೊರ ಅಂದಿತು.

"ನೀರು ಬಂತು," ಎಂದು ಟೈಲರನ ಹೆಂಡತಿ ಎದ್ದಳು.

ಗಾಯದಕ್ಕ ಸೆರಗು ಸಿಕ್ಕಿಸಿಕೊಂಡು ಒಂದು ಕೊಡ ಎತ್ತಿಕೊಂಡಳು. ಒಬ್ಬಳು ಹಿಡಿದು ಕೊಟ್ಟಳು, ಇನ್ನೊಬ್ಬಳು ಒಳಗೆ ಹೊತ್ತು ಹಂಡೆಗೆ ಸುರಿದಳು.