ಐದು ದಿನದ ಮೌನ, ಎರಡು ಸಾವಿರ ಹಸಿ ಇಟ್ಟಿಗೆ

ಮಳೆ ಬರಬಹುದೆಂದು ನನಗೆ ಗೊತ್ತಿತ್ತು, ಮುನಿಯಮ್ಮತ್ತೆ. ಗೊತ್ತಿದ್ದೂ ಐದು ದಿನ ಬಾಯಿ ಬಿಡಲಿಲ್ಲ. ನಿನ್ನ ಇಟ್ಟಿಗೆ ಕರಗಿದ್ದು ಆಮೇಲೆ.

ಅದು ತೊಂಬತ್ತೇಳನೇ ಇಸವಿ. ನೀನು ಕೂಲಿಯಿಂದ ಬಂದವಳೇ ಸೆರಗು ಬಿಗಿದು, ನಿಮ್ಮ ಗುಡಿಸಲ ಹಿಂದೆ ಕೆರೆ ಮಣ್ಣು ತುಳಿದು, ಕತ್ತಲಾಗುವುದರೊಳಗೆ ಎಪ್ಪತ್ತು ಎಂಬತ್ತು ಇಟ್ಟಿಗೆ ಅಚ್ಚು ಹಾಕುತ್ತಿದ್ದೆ. ಪಕ್ಕದ ಮನೆಯ ನಾನು ದಿನವೂ ಎಣಿಸಿ ಡೈರಿಯಲ್ಲಿ ಬರೆದಿಡುತ್ತಿದ್ದೆ. ನೀನು ಹೇಳಿದ್ದಕ್ಕಲ್ಲ — ಎಲ್ಲವನ್ನೂ ಎಣಿಸುವುದು ನನಗೆ ಚಿಕ್ಕಂದಿನ ಚಟ. ಮೂರು ಸಾವಿರ ಆದರೆ ಒಂದು ಕೋಣೆ. ನಿನ್ನ ಮಗಳು ರತ್ನಕ್ಕನ ಚೊಚ್ಚಲ ಬಾಣಂತನಕ್ಕೆ. ತಡಿಕೆ ಗೋಡೆಯ ಗುಡಿಸಲಿಗೆ ಹಸಿ ಬಾಣಂತಿಯನ್ನು ಕಳಿಸುವುದಿಲ್ಲ ಎಂದು ಬೀಗರು ಹೇಳಿಬಿಟ್ಟಿದ್ದರು.

ಸೆಪ್ಟೆಂಬರ್ ಕೊನೆಗೆ ನನ್ನ ಲೆಕ್ಕದಲ್ಲಿ ಎರಡು ಸಾವಿರದ ನೂರಾ ಹತ್ತು. ಆಗ ನೀನು ಕೇಳಿದೆ:

"ಆಗಿರೋವಷ್ಟನ್ನ ಈಗ್ಲೇ ಸುಟ್ಬುಡಾನಾ, ಇಲ್ಲ ಎಲ್ಲಾ ಒಟ್ಗೆ ಸುಡಾನಾ? ನಿನ್ನ ಪೇಪರ್ನೋರು ಮಳೆ ಬತ್ತದೆ ಅಂತಾರಾ, ಮಗ?"

ನಾನು ಬಂಗಾರಪೇಟೆಯ ಲೈಬ್ರರಿಯಲ್ಲಿ ಪೇಪರಿನ ಲೇಖನವೊಂದನ್ನು ಓದಿಕೊಂಡು ಬಂದಿದ್ದೆ. ಕೆಲವು ವರ್ಷಕ್ಕೊಮ್ಮೆ ದೂರದ ಪೆಸಿಫಿಕ್ ಕಡಲು ಬಿಸಿಯಾಗುತ್ತದಂತೆ. ಅದಕ್ಕೆ ಎಲ್ ನಿನೊ ಎಂದು ಹೆಸರು. ಬಿಸಿ ನೀರನ್ನು ಏಷ್ಯಾದ ಕಡೆಗೆ ತಳ್ಳುವ ಗಾಳಿ ಸೋತುಬಿಡುತ್ತದೆ, ಮೋಡಗಳು ಜಾಗ ಬದಲಿಸುತ್ತವೆ. ಒಂದು ದೇಶದಲ್ಲಿ ಪ್ರವಾಹ, ಇನ್ನೊಂದರಲ್ಲಿ ಕಾಡಿಗೆ ಬೆಂಕಿ. ನಮ್ಮ ದೇಶದಲ್ಲಿ ಮುಂಗಾರು ಕುಗ್ಗಬಹುದು — ಅವರು ಬರೆದದ್ದು ಅಷ್ಟೇ. "ಕುಗ್ಗಬಹುದು" ಅಂತ. ಅದನ್ನು ನಮ್ಮೂರಿನ ಹಿಂಗಾರಿಗೂ ಹಚ್ಚಿ, "ಬರಲ್ಲ" ಅಂತ ಮಾಡಿದ್ದು ನಾನು.

"ಈ ಸಲ ಮಳೆ ಇಲ್ಲ ಅತ್ತೆ. ಒಟ್ಟಿಗೇ ಸುಡು, ಸೌದೆ ಉಳೀತದೆ."

ಹಾಲಿನ ಡೈರಿ ಮುಂದೆಯೂ ಇದನ್ನೇ ಹೇಳುತ್ತಾ ನಿಂತೆ. ಹಿರಿಯರು ಕ್ಯಾನು ಕೆಳಗಿಟ್ಟು ಕೇಳಿದರು. ನಿನ್ನ ಗಂಡ, ನಾರಾಯಣಪ್ಪ ಮಾವ ಮಾತ್ರ, "ಏನಮ್ಮೀ ಮಳೆರಾಯನ ಗುಮಾಸ್ತೆ, ನಿಮ್ ಸಾಯೇಬ್ರು ಇವತ್ತೇನ್ ಆರ್ಡರ್ ಮಾಡವ್ರೆ?" ಎಂದು ನಗಿಸಿದರು. ಆ ನಗುವಿನಲ್ಲೂ ನನಗೊಂದು ಹೆಮ್ಮೆ ಇತ್ತು.

ಲೇಖನದಲ್ಲಿ ಹಿಂದೆ ಕಡಲು ಬಿಸಿಯಾದ ವರ್ಷಗಳ ಪಟ್ಟಿಯೂ ಇತ್ತು. ಅದನ್ನು ನೋಟ್‌ಬುಕ್ಕಿಗೆ ಬರೆದುಕೊಂಡಿದ್ದೆ. ಅಕ್ಟೋಬರ್ ಮೊದಲ ವಾರ ಮತ್ತೆ ನೋಡುವಾಗ ಕಣ್ಣಿಗೆ ಬಿತ್ತು — ತೊಂಬತ್ತೊಂದು. ನಾನು ಡೈರಿ ಬರೆಯಲು ಶುರು ಮಾಡಿದ ವರ್ಷ. ಪೆಟ್ಟಿಗೆಯಿಂದ ಆ ಡೈರಿ ತೆಗೆದೆ. ಮಳೆ ಬಂದ ದಿನಕ್ಕೊಂದು ಗೀಟು ಎಳೆಯುತ್ತಿದ್ದೆನಲ್ಲ, ಅಕ್ಟೋಬರಿನಲ್ಲಿ ಹದಿನಾಲ್ಕು ಗೀಟು. ನವೆಂಬರಿನಲ್ಲಿ ಇನ್ನಷ್ಟು. ಕಡಲು ಬಿಸಿಯಾದ ವರ್ಷವೇ, ನಮ್ಮೂರಲ್ಲೇ, ನನ್ನದೇ ಕೈಬರಹದಲ್ಲಿ.

ಆಗಲೇ ಓಡಿಬಂದು "ಅತ್ತೆ, ಇಟ್ಟಿಗೆ ಗೂಡು ಕಟ್ಟು, ಸುಡು" ಅನ್ನಬೇಕಿತ್ತು. ಸುಡದಿದ್ದರೆ ತೆಂಗಿನ ಗರಿಯನ್ನಾದರೂ ಹೊದಿಸು ಅನ್ನಬೇಕಿತ್ತು. ಆದರೆ ಹಾಲಿನ ಡೈರಿ ಮುಂದೆ ಮಾವನ ಮುಖ ನೆನಪಾಯಿತು. ನಾಲ್ಕು ಜನರ ಎದುರು ನನ್ನ ಮಾತನ್ನು ನಾನೇ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಒಂದು ವರ್ಷದ ಗೀಟುಗಳಿಂದ ಏನು ತಿಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಐದು ದಿನ ನಿಮ್ಮ ಹಿತ್ತಲಿಗೆ ಬಂದೆ, ಎಣಿಸಿದೆ, ಬರೆದುಕೊಂಡೆ, ಹೋದೆ.

ಆರನೇ ದಿನ ಮಧ್ಯಾಹ್ನ ಮಳೆ ಬಂತು. ನೀನು ಹೊಲದಿಂದ ಓಡಿಬರುವಷ್ಟರಲ್ಲಿ ಸಾಲುಗಳು ಕುಸಿದಿದ್ದವು. ಇಟ್ಟಿಗೆ ಮತ್ತೆ ಮಣ್ಣಾಗಿ ಕೆರೆ ಕಡೆಗೆ ಹರಿಯುತ್ತಿತ್ತು.

"ಓದ್ದೋಳ ಮಾತು ಕೇಳ್ದೆಲ್ಲ, ಕಟ್ಟು ಈಗ ಕೋಣೆ," ಎಂದರು ಮಾವ.

"ಸುಮ್ಕಿರಿ! ಪೇಪರ್ನೋರು ಸುಳ್ ಬರೆದ್ರೆ ಮಗು ಏನ್ ಮಾಡ್ತದೆ? ಸಮುದ್ರ ಇವಳ ಮಾತು ಕೇಳ್ತದಾ?"

ನನ್ನ ಪರವಾಗಿ ಜಗಳವಾಡಿದೆ ನೀನು. ನಾನು ನಿನ್ನ ಬೆನ್ನ ಹಿಂದೆ ಸರಿದೆ.

ರತ್ನಕ್ಕ ಬರಲಿಲ್ಲ. ಅತ್ತೆಮನೆಯಲ್ಲೇ ಹೆತ್ತಳು, ಅಲ್ಲೇ ಯಾರೋ ನೀರು ಹಾಕಿದರು. ಮೊಮ್ಮಗಳನ್ನು ನೀನು ಮೊದಲು ಎತ್ತಿಕೊಂಡದ್ದು ಮೂರನೇ ತಿಂಗಳಲ್ಲಿ. ಬಾಣಂತಿಗೆಂದು ಕಾಸಿಟ್ಟಿದ್ದ ಹರಳೆಣ್ಣೆಯನ್ನು ಒಂದು ಭಾನುವಾರ ನನ್ನ ತಲೆಗೆ ತಟ್ಟಿದೆ. "ಯಾರ್ ತಲೇಗಾದ್ರೇನು, ಎಲ್ಲಾ ನನ್ ಮಕ್ಳೇ" ಅಂದೆ. ಎಣ್ಣೆ ಕಿವಿಯ ಹಿಂದೆ ಇಳಿಯುತ್ತಿತ್ತು. ಆಗಲೂ ನಾನು ಹೇಳಲಿಲ್ಲ.

ಎರಡು ವರ್ಷವಾಯಿತು. ಇವತ್ತಿಗೂ ನೀನು ಪೇಪರಿನವರನ್ನೇ ಬೈಯುತ್ತೀಯ. ನಿನಗೆ ಓದಲು ಬಾರದು ಎಂಬ ಧೈರ್ಯದಿಂದಲೇ ಇದನ್ನು ಬರೆಯಲು ಕೂತೆ — ಅದನ್ನೂ ಒಪ್ಪಿಕೊಳ್ಳುತ್ತೇನೆ. ಭಾನುವಾರ ನಿನಗೆ ಕೂಲಿ ಇರುವುದಿಲ್ಲ. ಅಂದು ಬಂದು ಇದನ್ನು ಗಟ್ಟಿಯಾಗಿ ಓದುತ್ತೇನೆ. ಮಾವನೂ ಇರಲಿ. ಓದಿ ಮುಗಿಸುವವರೆಗೆ ನನ್ನ ಕೈ ಹಿಡಿಯಬೇಡ, ಅತ್ತೆ.